ಚಾಕುವಿನ ಬಾಣಂತನ

“ಅವ್ವಾ, ಪಾಲಪ್ಪ ತಾತನ ಚಾಕು ಏನ್ ಕೊಯ್ತೈತಿ?”

ಓಬಳೇಶ ಹೀಗೆ ಕೇಳಿದಾಗ ವಿರುಪಮ್ಮ ಅವನ ತಲೆಗೆ ಎಣ್ಣೆ ತಿಕ್ಕುತ್ತಿದ್ದಳು. ಐದು ವರ್ಷದ ಹುಡುಗ, ಉತ್ತರ ಸಿಗುವ ತನಕ ಬಿಡುವವನಲ್ಲ. ಅವಳು ಕೈ ನಿಲ್ಲಿಸಿ ಯೋಚಿಸಿದಳು. ಬದನೆಕಾಯಿ? ಇಲ್ಲ. ಬಾಳೆಹಣ್ಣು? ಒಮ್ಮೆ ಕೊಯ್ದ ಹಾಗಾಗಿತ್ತು, ಆದರೆ ಆ ಹಣ್ಣು ಬಹಳ ಕಳಿತಿತ್ತು.

“ಏನೂ ಕೊಯ್ಯಂಗಿಲ್ಲಪ್ಪ. ಅದಕ್ಕ ಅದನ್ನ ನಿನ್ನ ತೊಟ್ಟಿಲದಾಗ ಇಟ್ಟಿದ್ವಿ.”

ಅವರದೇ ಓಣಿಯ ಪಾಲಪ್ಪ ಕಾಲುವೆಯ ತೂಬುಗಳಿಗೆ ಗ್ರೀಸ್ ಹಚ್ಚುವ ಕೆಲಸದವನು. ಸಂಜೆ ಚಿತ್ತವಾಡ್ಗಿಯ ಮನೆಗೆ ಬಂದವನೇ ಹಿತ್ತಲಲ್ಲಿ ಚಾಕು ಮಾಡಲು ಕೂರುತ್ತಿದ್ದ. ಕಮ್ಮಾರಿಕೆ ಅವನ ಮನೆತನದ ಕಸುಬಲ್ಲ, ಯಾರೂ ಕಲಿಸಿದ್ದೂ ಅಲ್ಲ. ಸಂಡೂರಿನಿಂದ ಅದಿರು ಹೊತ್ತು ಬರುವ ಲಾರಿಯೊಂದರ ಮುರಿದ ಸ್ಪ್ರಿಂಗ್ ಪಟ್ಟಿ ರಸ್ತೆ ಬದಿಯಲ್ಲಿ ಸಿಕ್ಕಿತ್ತು, ಅಂದಿನಿಂದ ತಲೆಗೆ ಹತ್ತಿದ್ದು ಇಳಿದಿರಲಿಲ್ಲ. ತೂತುಬಿದ್ದ ಬಕೆಟ್ಟಿಗೆ ಕಾಲುವೆಯ ಜೇಡಿಮಣ್ಣು ಮೆತ್ತಿ ಕುಲುಮೆ ಮಾಡಿಕೊಂಡಿದ್ದ. ಕೆಟ್ಟ ಟೇಬಲ್ ಫ್ಯಾನಿನ ರೆಕ್ಕೆಗೆ ಹಿಡಿಕೆ ಕಟ್ಟಿ ಗಾಳಿ ಊದುತ್ತಿದ್ದ. ಮುಚ್ಚಿಹೋದ ಹತ್ತಿ ಅಂಗಡಿಯ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲೇ ಬಡಿಯಲು ಅಡಿಗಲ್ಲು. ಸಾಣೆ ಹಿಡಿಯಲು ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಹಿಂದಿನ ಚಕ್ರಕ್ಕೆ ಸಾಣೆಕಲ್ಲು ಬಿಗಿದಿದ್ದ. ಹಾಗಾಗಿ ಸೈಕಲ್ ಇದ್ದೂ ಪಾಲಪ್ಪ ಹನ್ನೊಂದು ವರ್ಷದಿಂದ ಕೆಲಸಕ್ಕೆ ನಡೆದೇ ಹೋಗುತ್ತಿದ್ದ.

ಇಷ್ಟೆಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಕೆಡುತ್ತಿದ್ದದ್ದು ಕೊನೆಗೆ. ಕೆಂಪಗೆ ಕಾದು, ಪೆಟ್ಟು ತಿಂದು ರೂಪಕ್ಕೆ ಬಂದ ಚಾಕುವನ್ನು, ಅಲಗು ಗಡುಸಾಗಲೆಂದು ಕಮ್ಮಾರರು ಅದ್ದುವಂತೆ, ಅವನು ತಣ್ಣೀರಿಗೆ ಹಾಕುತ್ತಿರಲಿಲ್ಲ.

“ಅಷ್ಟು ಸುಟ್ಟು, ಅಷ್ಟು ಬಡಿಸ್ಕೊಂಡು ಬಂದೈತಿ. ಅದಕ್ಕ ತಣ್ಣೀರು ಹಾಕ್ತಾರೇನು? ಬಾಣಂತಿಗೆ ಹಾಕ್ತೀರೇನು ನೀವು?” ಎನ್ನುತ್ತಿದ್ದ.

ಬಚ್ಚಲ ಒಲೆಯ ಬಿಸಿ ಬೂದಿಯಲ್ಲಿ ಅದನ್ನು ಮಲಗಿಸಿ, ಮೇಲೊಂದು ಪದರ ಬೂದಿ ಹೊದಿಸಿ, ಗಾಳಿ ತಾಕದಂತೆ ಗೋಣಿಚೀಲ ಅಡ್ಡ ಕಟ್ಟುತ್ತಿದ್ದ. ಬೆಳಗಾದರೆ ಎಣ್ಣೆ ತಿಕ್ಕುವುದು. ಅದಕ್ಕೆಂದು ಜಂಬಪ್ಪನ ಮಿರ್ಚಿ ಬಜ್ಜಿ ಅಂಗಡಿಯಿಂದ ಕರಿದು ಮಿಕ್ಕ ಎಣ್ಣೆಯನ್ನು ಡಬ್ಬಿಗಟ್ಟಲೆ ತಂದಿಟ್ಟಿದ್ದ. ಇಷ್ಟು ಮುದ್ದಾಗಿ ಬೆಳೆದ ಚಾಕು ಏನನ್ನೂ ಕೊಯ್ಯುತ್ತಿರಲಿಲ್ಲ.

ಆದರೆ ಓಣಿಯ ಹೆಂಗಸರಿಗೆ ಅದೇ ಬೇಕಿತ್ತು. ಹಸುಗೂಸಿನ ತೊಟ್ಟಿಲಲ್ಲಿ ದೃಷ್ಟಿಗೆ, ಗಾಳಿಗೆ ಅಂತ ಕಬ್ಬಿಣ ಇಡಲೇಬೇಕು. ಚೂಪಾದದ್ದು ಇಟ್ಟರೆ ತಾಯಿಗೆ ನಿದ್ದೆ ಇಲ್ಲ. ಪಾಲಪ್ಪನ ಚಾಕು ನೋಡಲು ಚಾಕು, ನಡೆಯಲ್ಲಿ ಚಮಚ. ಹೊಟ್ಟೆ ಕಾಣಿಸಿಕೊಂಡ ತಿಂಗಳಲ್ಲೇ ಬಂದು ಚಾಕು ಬೇಕೆಂದು ಹೇಳಿ ಹೋಗುತ್ತಿದ್ದರು.

ಪಾಲಪ್ಪನಿಗೆ ಇದರಿಂದ ಸಂತೋಷವಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ: ಹೆಂಡತಿ ನಿಂಗಕ್ಕನ ಒಲೆಯ ಪಕ್ಕದ ಗೂಡಿನಲ್ಲಿ ತನ್ನದೊಂದು ಚಾಕು. ಪ್ರತಿ ಹೊಸ ಚಾಕುವನ್ನೂ ಅವಳ ಮುಂದೆ ಒಂದು ಉಳ್ಳಾಗಡ್ಡಿಯ ಮೇಲೆ ಇಟ್ಟು ಒತ್ತುತ್ತಿದ್ದ. ಉಳ್ಳಾಗಡ್ಡಿ ಜಾರಿ ಮೂಲೆ ಸೇರುತ್ತಿತ್ತು. ನಿಂಗಕ್ಕ ಎದ್ದು ಹೋಗಿ ಅದನ್ನು ತಂದು ಈಳಿಗೆಯಲ್ಲಿ ಹೆಚ್ಚುತ್ತಿದ್ದಳು.

“ಇದು ಕೊಯ್ದ ದಿನ ಜಾಗ ಕೊಡ್ತೀನಿ. ಅಲ್ಲಿಮಟ ಓಣಿ ಕೂಸುಗಳಿಗೆ ಕೊಡು.”

ಆ ವಾರ ಕಂಪ್ಲಿಯಿಂದ ನಿಂಗಕ್ಕನ ತಂಗಿ ಬರುವವಳಿದ್ದಳು. ವಿರುಪಮ್ಮ ಜರಡಿ ವಾಪಸು ಕೊಡಲು ಹೋದಾಗ ಹಿತ್ತಲಲ್ಲಿ ಪಾಲಪ್ಪ ನಿಗಿನಿಗಿ ಉರಿಯುವ ಚಾಕುವನ್ನು ಇಕ್ಕಳದಲ್ಲಿ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ. ಇಕ್ಕಳ ಅಂದರೆ ದರ್ಜಿಯ ಹಳೆ ಕತ್ತರಿ.

“ನಿಂಗೀ, ಬೂದಿ ಎಲ್ಲಿ?”

“ತಂಗಿ ಬರ್ತಾಳಂತ ಎಲ್ಲಾ ಕೊಡ ತಿಕ್ಕೀನಿ. ನೋಡ್ಕ ಹೋಗು, ಹೆಂಗ ಹೊಳೀತಾವ.”

“ಎಲ್ಲಾ ಬೂದಿನೂ? ಇದನ್ನ ಎಲ್ಲಿ ಮಲಗಿಸಲಿ ಈಗ?”

“ನನ್ನ ಹಾಸಿಗಿ ಬಿಟ್ಟು ಎಲ್ಲೆರ ಮಲಗ್ಸು.”

ಅಷ್ಟರಲ್ಲಿ ಕತ್ತರಿ ಕಾದು ಕೈ ಸುಟ್ಟಿತು. ಚಾಕು ಜಾರಿ ನೇರ ಎಣ್ಣೆಯ ಡಬ್ಬಿಗೆ ಬಿತ್ತು. ಚುಂಯ್ ಅಂದಿತು, ಹೊಗೆ ಎದ್ದಿತು. ಓಣಿಯಲ್ಲಿ ಹೋಗುತ್ತಿದ್ದ ಇಬ್ಬರು ಗೋಡೆಯ ಮೇಲಿಂದ ಇಣುಕಿ, “ಪ್ಲೇಟಿಗೆ ಎಷ್ಟು ಕೊಡ್ತೀರಿ?” ಎಂದರು.

ಪಾಲಪ್ಪ ಚಾಕುವನ್ನು ಎತ್ತಿ ಪಂಚೆಯ ಚುಂಗಿನಿಂದ ಒರೆಸಿದ. “ಬಾಣಂತನ ಇಲ್ಲದ್ದು. ಇದು ಉಳಿಯೋದಲ್ಲ ಬಿಡವ್ವ,” ಅಂದ. ಆದರೂ ಮರುದಿನ ಸೈಕಲ್ ಚಕ್ರ ತಿರುಗಿಸಿ ಸಾಣೆ ಹಿಡಿದ, ಕಾಯಂ ಪದ್ಧತಿಯಂತೆ ಉಳ್ಳಾಗಡ್ಡಿಯ ಮೇಲೆ ಇಟ್ಟು ಒತ್ತಿದ. ಚಾಕು ಉಳ್ಳಾಗಡ್ಡಿ ದಾಟಿ ಮಣೆಯಲ್ಲಿ ನಾಟಿ ನಿಂತಿತು.

ನಿಂಗಕ್ಕ ಎರಡು ಹೋಳನ್ನೂ ನೋಡಿದಳು. ಎದ್ದು, ಗೂಡಿನಲ್ಲಿದ್ದ ಅರಿಶಿನದ ಡಬ್ಬಿ ತೆಗೆದು ಚಾಕು ಇಟ್ಟಳು.

“ಬೂದಿಯಾಗ ಮಲಗ್ಸಲಿಲ್ಲಲ್ಲ ಮಾವ, ಅದಕ್ಕ ಕೊಯ್ತು,” ಎಂದಳು ವಿರುಪಮ್ಮ, ವಿಷಯ ಗೊತ್ತಾದಾಗ.

“ಅಲ್ಲವ್ವ. ಮಿರ್ಚಿ ಎಣ್ಣಿ. ಮೆಣಸಿನಕಾಯಿ ಖಾರ ಕಬ್ಬಿಣಕ್ಕ ಇಳಿದೈತಿ,” ಎಂದ ಪಾಲಪ್ಪ.

ಸುದ್ದಿ ಹರಡಿದ ಮೇಲೆ ಓಣಿಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಚೆನ್ನಬಸಮ್ಮ ಮೊಮ್ಮಗಳ ತೊಟ್ಟಿಲಿನ ಚಾಕುವನ್ನು ಟವೆಲಿನಲ್ಲಿ ಸುತ್ತಿ, ಮಾರು ದೂರ ಹಿಡಿದು ತಂದಳು.

“ಒಂದಕ್ಕ ಎಚ್ಚರಾತು. ಉಳಿದವು ಯಾವಾಗ ಏಳ್ತಾವೋ?”

“ಅವು ಏಳಂಗಿಲ್ಲ ಚೆನ್ನಬಸವ್ವ. ಚೊಲೊ ಬಾಣಂತನ ಆದವು.”

“ಬಾಯಿಲೆ ಹೇಳಬ್ಯಾಡ. ಎಲ್ಲಾರ ಮನಿಗೂ ಬಂದು ತೋರ್ಸು.”

ಹನ್ನೊಂದು ವರ್ಷ ತನ್ನ ಚಾಕು ಕೊಯ್ಯುತ್ತದೆಂದು ತೋರಿಸಲು ಹೆಣಗಿದವನು ಈಗ ಕೊಯ್ಯುವುದಿಲ್ಲವೆಂದು ತೋರಿಸಲು ಮನೆಮನೆ ತಿರುಗಿದ. ಪ್ರತಿ ಮನೆಯಲ್ಲೂ ಒಂದು ಟೊಮೆಟೊ ಕೊಡುತ್ತಿದ್ದರು. ಅವನು ಚಾಕು ಇಟ್ಟು ಒತ್ತುತ್ತಿದ್ದ, ಟೊಮೆಟೊ ಅಪ್ಪಚ್ಚಿಯಾಗುತ್ತಿತ್ತು. ಹಂಪಕ್ಕ ಮಾತ್ರ ಒಪ್ಪಲಿಲ್ಲ. “ಮನಸಿಟ್ಟು ಒತ್ತಲಿಲ್ಲ ನೀನು. ಇನ್ನೊಮ್ಮೆ ಒತ್ತು,” ಎಂದು ಎರಡನೆಯ ಟೊಮೆಟೊ ತಂದಳು.

ವಿರುಪಮ್ಮನ ಮನೆ ಕೊನೆಯದು. ಟೊಮೆಟೊ ತಂದವನು ಓಬಳೇಶನೇ. ರಸ ಪಾಲಪ್ಪನ ಅಂಗಿಗೆ ಚಿಮ್ಮಿತು. ವಿರುಪಮ್ಮ ಒದ್ದೆ ಬಟ್ಟೆ ಕೊಟ್ಟು, ಚಹಾ ಕೊಟ್ಟಳು. ಲೋಟ ಖಾಲಿಯಾದರೂ ಅವನು ಏಳಲಿಲ್ಲ.

“ಎಂಟು ದಿನ ಆತವ್ವ, ಗೂಡಿನಾಗ ಇಟ್ಟು.”

“ಗೊತ್ತೈತಿ ಮಾವ. ಭಾಳ ಖುಷಿ ಆತು ನನಗ.”

“ದಿನಾ ಅದರಾಗ ಹೆಚ್ತಾಳ. ಸಾರಿನಾಗ ನೋಡೀನಿ, ಉಳ್ಳಾಗಡ್ಡಿ ಸಣ್ಣಗ, ಒಂದ ಸಮ ಅದಾವ. ಈಳಿಗಿಯಾಗ ಹಂಗ ಬರಂಗಿಲ್ಲ.” ಖಾಲಿ ಲೋಟವನ್ನು ತಿರುಗಿಸಿದ. “ಚೊಲೊ ಐತಿ ಅಂದಿಲ್ಲ. ಕೆಟ್ಟೈತಿ ಅಂತನೂ ಅಂದಿಲ್ಲ.”

“ನೀವ ಕೇಳ್ಬೇಕಿತ್ತು.”

“ನಾ ಕೇಳಿದ್ರ ಆಕಿ ಬಾಯಿ ಬಿಡಾಕಿ ಅಲ್ಲ.” ಓಣಿಯ ಕಡೆ ಒಮ್ಮೆ ನೋಡಿ ದನಿ ಇಳಿಸಿದ. “ನೀ ಒಂದು ಕೆಲಸ ಮಾಡವ್ವ. ಒಂದಿಷ್ಟು ಬೆಂಡಿಕಾಯಿ ತಗೊಂಡು ನಮ್ಮನಿಗೆ ಹೋಗು. ‘ನಮ್ಮನಿ ಈಳಿಗಿ ಮೊಂಡಾಗೈತಿ’ ಅನ್ನು. ಆಕಿ ಹೆಚ್ಚಿ ಕೊಡೋವಾಗ, ಚಾಕು ಹೆಂಗೈತಿ ಅಕ್ಕಾ ಅಂತ ನಿನ್ನ ಮಾತು ಇದ್ದಂಗ ಕೇಳು. ಏನಂತಾಳೋ ಅದನ್ನ ಅಂದಂಗ ಬಂದು ನನಗ ಹೇಳು. ನಾ ಕಳ್ಸೀನಿ ಅಂತ ಮಾತ್ರ ಅನ್ಬ್ಯಾಡ.”