ಐಮಂಗಲದ ಕಂಬದ ಬುಡದಲ್ಲಿ

ಹಿರಿಯೂರಿನಿಂದ ಚಿತ್ರದುರ್ಗದವರೆಗೆ ವಿದ್ಯುತ್ ತಂತಿ ಎಳೆಸುವ ಹೊಣೆ ಆಗ ನನ್ನದಾಗಿತ್ತು. ಐಮಂಗಲದ ಬಯಲಿನಲ್ಲಿ ಒಂದು ಬೆಳಿಗ್ಗೆ ಕುರಿಗಾರರ ಗುಂಪೊಂದು ದೊಣ್ಣೆ ಹಿಡಿದು ನಮ್ಮನ್ನು ಸುತ್ತುವರಿಯಿತು. ಮುಂದೆ ನಿಂತಿದ್ದ ಹೆಂಗಸು ಹೊಸದಾಗಿ ನೆಟ್ಟ ಕಂಬದ ಕಡೆ ಕೈ ತೋರಿಸಿದಳು.

“ಇದನ್ನ ನೆಟ್ಟ ದಿನದಿಂದ ನನ್ನ ಗಂಡ ಕಾಣ್ತಿಲ್ಲ ಸ್ವಾಮಿ. ಬುಡಕ್ಕೆ ಬಲಿ ಕೊಟ್ಟೀರಿ ಅಂತಾರೆ ಜನ. ಅಗೆದು ತೋರ್ಸ್ರಿ.”

ನನಗೆ ನಗಬೇಕೆನಿಸಿತು. ಪಕ್ಕದಲ್ಲಿದ್ದ ಮೇಸ್ತ್ರಿಯ ಮುಖ ನೋಡಿದ ಮೇಲೆ ನಗು ಬರಲಿಲ್ಲ. ಅವನು ಬೆವರುತ್ತಿದ್ದ.

“ಅಗೆಯೋದು ಬ್ಯಾಡ ಸ್ವಾಮಿ,” ಅಂದ ಮೆಲ್ಲಗೆ. “ಏನಾರ ಹೇಳಿ ಕಳಿಸಿಬಿಡ್ರಿ.”

ಕಂಬ ನೆಟ್ಟ ದಿನ ನಾನು ಹೊಳಲ್ಕೆರೆಯಲ್ಲಿದ್ದೆ. ಗುಂಡಿ ಮುಚ್ಚಿಸಿದ್ದು ಇವನೇ. ಹೆಂಗಸಿನ ಮಾತು ನಿಜವಿರಬಹುದೇ ಅನಿಸಿತು. ಆದರೂ ಕಂಬಕ್ಕೆ ಹಗ್ಗ ಕಟ್ಟಿ ಹಿಡಿಸಿ, ಅಗೆಯಲು ಹೇಳಿದೆ. ಗುದ್ದಲಿ ಮೆತ್ತಗೆ ಇಳಿದಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆ ಹೆಂಗಸು ಮಾತ್ರ ರೆಪ್ಪೆ ಮಿಟುಕಿಸದೆ ಗುಂಡಿಯನ್ನೇ ನೋಡುತ್ತಿದ್ದಳು.

ಮೊಣಕಾಲು ಮಟ್ಟ ಅಗೆಯುವಷ್ಟರಲ್ಲಿ ಗುದ್ದಲಿ ಬಂಡೆಗೆ ತಾಗಿ ಠಣ್ ಎಂದಿತು. ಕಂಬ ಆ ಬಂಡೆಯ ಮೇಲೆಯೇ ಕೂತಿತ್ತು. ಹೆಣ ಇರಲಿಲ್ಲ, ಇರಬೇಕಾದ ಆಳವೂ ಇರಲಿಲ್ಲ. ಬಂಡೆ ಸಿಡಿಸುವ ಕಷ್ಟ ಬೇಡವೆಂದು ಮೇಸ್ತ್ರಿ ಅಷ್ಟಕ್ಕೇ ಮುಚ್ಚಿಸಿದ್ದ. ಮರುದಿನ ತಂತಿ ಬಿಗಿಯಲು ಅದರ ತುದಿಗೆ ಆಳು ಹತ್ತಬೇಕಿತ್ತು.

ಹೆಂಗಸು ಅಲ್ಲೇ ಕುಸಿದು ಕೂತು ಅತ್ತಳು. ಸಂಜೆಗೆ ಅವಳ ಗಂಡ, ತಪ್ಪಿಸಿಕೊಂಡು ಹೋಗಿದ್ದ ಕುರಿಗಳನ್ನು ಹುಡುಕಿ ಹೊಡೆದುಕೊಂಡು ಯಲ್ಲದಕೆರೆ ಕಡೆಯಿಂದ ಬಂದ.

ಮಾರನೇ ದಿನದಿಂದ ಆ ಮೇಸ್ತ್ರಿ ನೆಡಿಸಿದ್ದ ಕಂಬಗಳನ್ನೆಲ್ಲ ಒಂದೊಂದಾಗಿ ಅಗೆಸಿದೆ. ಊರಿನವರು ದೂರದಲ್ಲಿ ನಿಂತು ನೋಡುತ್ತ, ಈ ಸಾಹೇಬರ ಕಡೆಯವರೂ ಯಾರೋ ಕಾಣೆಯಾಗಿರಬೇಕು ಅಂತ ಮಾತಾಡಿಕೊಂಡರಂತೆ.