ರಾಹುಕಾಲದಲ್ಲಿ ಒಳಗೆ ಹೋದವಳು

ದೆವ್ವ, ಭೂತ, ಒಂದೇ ಹೊತ್ತಿಗೆ ಎರಡು ಕಡೆ ಕಾಣಿಸಿಕೊಂಡ ಮನುಷ್ಯ, ಇಂಥ ಕಥೆಗಳನ್ನು ಯಾರಾದರೂ ಶುರುಮಾಡಿದರೆ ಮೊದಲು ನಗುತ್ತಿದ್ದವಳು ನಾನೇ. ಆಗ ನಾನು ಕಂಟೋನ್ಮೆಂಟಿನ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟು. ಹಳೆಯ ಕಡತಗಳ ಕೋಣೆಯಲ್ಲಿ ಸಂಜೆ ಯಾರೋ ಓಡಾಡುತ್ತಾರೆ ಎಂದು ಜೊತೆಯ ಹೆಂಗಸರು ಹೆದರಿಕೊಂಡಾಗ, ಬಾಗಿಲು ತೆಗೆದು ಒಳಗಿದ್ದ ಹೆಗ್ಗಣವನ್ನು ತೋರಿಸಿದ್ದೆ. ಇಂಥ ಸಂಗತಿಗಳು ಯಾವಾಗಲೂ ಅಮಾವಾಸ್ಯೆಯ ರಾತ್ರಿಯೇ, ಹುಣಿಸೆಮರದ ಹತ್ತಿರವೇ ಯಾಕೆ ನಡೆಯಬೇಕು ಎಂಬುದು ನನ್ನ ವಾದವಾಗಿತ್ತು. ನನಗೆ ನಡೆದದ್ದು ಹಾಡುಹಗಲಿನಲ್ಲಿ, ರಿಚರ್ಡ್ಸ್ ಟೌನಿನಲ್ಲಿ, ವೀಸಾಕ್ಕೆ ಹೋದಾಗ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಾನೇ ಅದನ್ನು ಪೂರ್ತಿ ನಂಬಿದ್ದೇನೆಯೇ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹಲಸೂರಿನಲ್ಲಿ, ದೇವಸ್ಥಾನದ ಹಿಂದಿನ ಬೀದಿಯ ಎರಡು ಕೋಣೆಯ ಮನೆಯಲ್ಲಿ ನಾನು, ನಮ್ಮ ಅತ್ತೆ, ನನ್ನ ಮಗಳು ಪುಟ್ಟಿ ಇದ್ದೆವು. ನಮ್ಮವರು ಇಲ್ಲಿನ ಕಾರ್ಖಾನೆಯ ಕೆಲಸ ಬಿಟ್ಟು ಯೂರೋಪಿನ ಒಂದು ಪುಟ್ಟ ದೇಶದ ಯಂತ್ರಗಳ ಕಂಪನಿಗೆ ಸೇರಿದ್ದರು. ಮದುವೆಯಾಗಿ ನಾವು ಜೊತೆಗಿದ್ದದ್ದು ಕೆಲವೇ ತಿಂಗಳು. ಅವರು ವಿಮಾನ ಹತ್ತಿದಾಗ ಪುಟ್ಟಿ ಇನ್ನೂ ಹುಟ್ಟಿರಲಿಲ್ಲ. ಈಗ ಅವಳು ಬೀದಿಯ ಕೊನೆಯವರೆಗೆ ಓಡಿ, ಹಿಡಿಯಲು ಹೋದರೆ ಇನ್ನೂ ಜೋರಾಗಿ ಓಡುವಷ್ಟು ದೊಡ್ಡವಳಾಗಿದ್ದಳು. ಅಪ್ಪ ಅಂದರೆ ಅವಳ ಪಾಲಿಗೆ ನೀಲಿ ಬಣ್ಣದ ವಿಮಾನ ಅಂಚೆಯ ಕಾಗದ. ಅದು ಬಂದ ದಿನ ಅಜ್ಜಿ ಪಾಯಸ ಮಾಡುತ್ತಾರೆ ಎಂಬುದಷ್ಟೇ ಅವಳಿಗೆ ಗೊತ್ತು.

ಬಾ ಎಂದು ಅವರು ಬರೆಯುತ್ತಲೇ ಇದ್ದರು. ಒಂದು ಸಲ ಇಲಾಖೆಯ ಪರೀಕ್ಷೆ ಇದೆ ಅಂದೆ, ಇನ್ನೊಂದು ಸಲ ಪುಟ್ಟಿಗೆ ದಡಾರ ಅಂದೆ. ಎರಡೂ ಸುಳ್ಳಲ್ಲ. ಆದರೂ ಮೂರನೆಯ ಸಲ ಅವರು, ಈಗಲೂ ಬರದಿದ್ದರೆ ನಿನಗೆ ಬರುವ ಮನಸ್ಸಿಲ್ಲ ಎಂದು ತಿಳಿದುಕೊಳ್ಳುತ್ತೇನೆ ಎಂದು ಬರೆದರು. ಆ ಸಾಲನ್ನು ಓದಿದ ಮೇಲೆ ಅತ್ತೆ ನನ್ನ ಬೆನ್ನು ಬಿಡಲಿಲ್ಲ. ನಮ್ಮ ಮಾವ ರೈಲ್ವೆಯಲ್ಲಿದ್ದು ಅರ್ಧ ಆಯುಸ್ಸು ಊರೂರು ಸುತ್ತಿದವರು. ಗಂಡಹೆಂಡಿರು ಕಾಗದದ ಮೇಲೆ ಸಂಸಾರ ಮಾಡಬಾರದು ಎಂಬುದನ್ನು ಅತ್ತೆ ಅನುಭವದಿಂದಲೇ ಹೇಳುತ್ತಿದ್ದರು. ತಾವು ಕೆ.ಆರ್. ಪುರದಲ್ಲಿದ್ದ ಎರಡನೆಯ ಮಗನ ಮನೆಗೆ ಹೋಗುವುದೆಂದೂ ಅವರೇ ತೀರ್ಮಾನಿಸಿ, ಮಡಕೆ ಕುಡಿಕೆಗಳನ್ನು ಆಗಲೇ ಅಕ್ಕಪಕ್ಕದವರಿಗೆ ಹಂಚತೊಡಗಿದ್ದರು.

ನನಗೆ ಹೋಗಲು ಏಕೆ ಹೆದರಿಕೆ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಕೆಲಸ ಬಿಡಬೇಕಲ್ಲ ಎಂಬ ಸಂಕಟ ಇತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಒಂದು ದಿನ ಬಟ್ಟೆ ಒಣಹಾಕುತ್ತಿದ್ದಾಗ ಅವರ ದನಿಯನ್ನು ನೆನೆಸಿಕೊಳ್ಳಲು ನೋಡಿದೆ. ಬರಲಿಲ್ಲ. ಮುಖ ಮದುವೆಯ ಫೋಟೋದಲ್ಲಿದೆ, ಆಡಿದ ಮಾತುಗಳೂ ನೆನಪಿವೆ, ದನಿ ಮಾತ್ರ ಇಲ್ಲ. ಆಗ ನಮ್ಮಂಥವರ ಮನೆಯಲ್ಲಿ ಫೋನೆಲ್ಲಿಂದ ಬರಬೇಕು? ಎಷ್ಟು ಪ್ರಯತ್ನಪಟ್ಟರೂ ಅವರ ಮಾತುಗಳು ಒಳಗೆ ನನ್ನ ದನಿಯಲ್ಲೇ ಕೇಳುತ್ತಿದ್ದವು. ಆ ದಿನ ನನಗೆ ಆದ ಭಯವನ್ನು ಹೇಗೆ ಹೇಳಲಿ? ಮಗುವನ್ನು ಎತ್ತಿಕೊಂಡು, ಇದ್ದ ಕೆಲಸ ಬಿಟ್ಟು, ಗುರುತೇ ಇಲ್ಲದ ಯಾರೋ ಒಬ್ಬರ ಮನೆಗೆ ಹೊರಟಿದ್ದೇನೆ ಅನ್ನಿಸಿತು.

ಆ ದೇಶದ ದೊಡ್ಡ ಕಚೇರಿ ದೆಹಲಿಯಲ್ಲಿತ್ತು. ಬೆಂಗಳೂರಿನಲ್ಲಿದ್ದವರು ಒಬ್ಬ ಗೌರವ ಕಾನ್ಸಲ್, ಅಂದರೆ ಸಂಬಳವಿಲ್ಲದೆ ಆ ದೇಶದ ಕೆಲಸ ನೋಡಿಕೊಳ್ಳುವವರು. ಎರಡನೆಯ ಮಹಾಯುದ್ಧಕ್ಕೂ ಮೊದಲು ವ್ಯಾಪಾರಕ್ಕೆಂದು ಬಂದು ಕಂಟೋನ್ಮೆಂಟಿನಲ್ಲೇ ಉಳಿದುಬಿಟ್ಟ ಮುದುಕರು. ರಿಚರ್ಡ್ಸ್ ಟೌನಿನ ಪಾರ್ಕಿನ ಎದುರು ಅವರ ಬಂಗಲೆ, ಅದರ ಮುಂದಿನ ಕೋಣೆಯೇ ಕಾನ್ಸುಲೇಟು. ಗೋಡೆಯ ಮೇಲೆ ಅವರ ರಾಜನ ಪಟ, ಅದರ ಕೆಳಗೆ ಅವರ ನಾಯಿಯ ಪಟ. ಪಾಸ್‌ಪೋರ್ಟು, ಫೋಟೋಗಳು, ಸಿಡುಬಿನ ಲಸಿಕೆಯ ಕಾರ್ಡು ಎಲ್ಲವನ್ನೂ ನಾನು ಮೊದಲೇ ಕೊಟ್ಟು ಬಂದಿದ್ದೆ. ಕೊನೆಗೆ ಸಾಹೇಬರು ಮುಖತಃ ಮಾತಾಡಬೇಕೆಂದು, ಶುಕ್ರವಾರ ಹನ್ನೊಂದು ಗಂಟೆಗೆ ಬರಲು ಹೇಳಿ ಕಳಿಸಿದರು.

ಶುಕ್ರವಾರದ ಹನ್ನೊಂದು ಅಂದರೆ ನಡು ರಾಹುಕಾಲ. ಅತ್ತೆಗೆ ಎದೆ ಒಡೆದಂತಾಯಿತು. ಬೇರೆ ಹೊತ್ತು ಕೇಳು ಅಂದರು. ಪರದೇಶದ ಸರ್ಕಾರಕ್ಕೆ ಪಂಚಾಂಗ ತೋರಿಸಲಾಗುವುದಿಲ್ಲ ಎಂದು ನಾನು ನಕ್ಕೆ. ಅವರು ನಗಲಿಲ್ಲ.

"ನೀನು ಬೇಗ ಹೊರಡು, ಬೇಡ ಅನ್ನಲ್ಲ. ಆದ್ರೆ ಅವ್ರ ಹೊಸಿಲು ತುಳಿಯೋದು ಹನ್ನೆರಡು ಹೊಡೆದ್ಮೇಲೇನೇ. ನನಗೋಸ್ಕರ ಇದೊಂದು ಮಾಡು" ಅಂದರು.

ಅತ್ತೆ ನನ್ನಿಂದ ಏನನ್ನೂ ಕೇಳುವವರಲ್ಲ. ಹೂಂ ಅಂದೆ. ಬಸ್ಸು ಕೆಟ್ಟಿತೆಂದು ಸಾಹೇಬರಿಗೆ ಹೇಳಿದರಾಯಿತು ಅಂದುಕೊಂಡೆ. ಗಿಣಿಹಸಿರು ಸೀರೆ ಉಟ್ಟು, ಶಿವಾಜಿನಗರದಲ್ಲಿ ಬಸ್ಸು ಬದಲಿಸಿ, ರಾಹುಕಾಲ ಶುರುವಾಗುವ ಮೊದಲೇ ಪಾರ್ಕಿಗೆ ತಲುಪಿ ಒಂದು ಕಲ್ಲು ಬೆಂಚಿನ ಮೇಲೆ ಕೂತೆ. ಬಂಗಲೆಯ ಗೇಟು ನನ್ನ ಕಣ್ಣೆದುರಿಗೇ ಇತ್ತು. ಅಂಚೆಯವನು ಬಂದು ಹೋದ. ಸೈಕಲ್ಲಿನ ಬ್ರೆಡ್ಡಿನವನು ಗಂಟೆ ಬಾರಿಸಿಕೊಂಡು ಹೋದ. ಹೆಂಗಸರು ಯಾರೂ ಒಳಗೆ ಹೋಗಲಿಲ್ಲ. ಹೋಗಲಿಲ್ಲ ಎಂದೇ ನನ್ನ ನೆನಪು. ಆದರೆ ಮನಸ್ಸು ಅಲ್ಲಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು.

ಬೆಂಚಿನ ಮೇಲೆ ಕೂತು ನಾನು ಮಾಡುತ್ತಿದ್ದದ್ದು ಇಷ್ಟು: ಒಳಗೆ ಹೋಗಿ ಆ ಮುದುಕರ ಎದುರು ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟರೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳುತ್ತಿದ್ದೆ. ನನಗೆ ಇಂಗ್ಲಿಷ್ ಟೈಪು ಮಾಡಿ ಗೊತ್ತು, ಆಡಿ ಗೊತ್ತಿಲ್ಲ. ಹಾಗಾಗಿ ಒಂದೊಂದೇ ವಾಕ್ಯ ಕಟ್ಟುತ್ತಾ ಹೋದೆ. ನನಗೆ ನನ್ನ ಗಂಡನ ದನಿ ಮರೆತುಹೋಗಿದೆ. ದನಿಯೇ ಗೊತ್ತಿಲ್ಲದವರ ಮನೆಗೆ ಮಗುವನ್ನು ಹೇಗೆ ಕರೆದುಕೊಂಡು ಹೋಗಲಿ? ನನಗೆ ವೀಸಾ ಬೇಡ. ಕೊನೆಯ ವಾಕ್ಯ ಸಿಗದೆ, ಕಚೇರಿಯಲ್ಲಿ ದಿನವೂ ಟೈಪು ಮಾಡುತ್ತಿದ್ದ ಸಾಲನ್ನೇ ಸೇರಿಸಿದೆ: ದಯವಿಟ್ಟು ಈ ವಿಷಯವನ್ನು ಇಲ್ಲಿಗೆ ಮುಗಿಯಿತೆಂದು ಪರಿಗಣಿಸಿ. ಹೀಗೆ ಅಂದುಕೊಂಡು ನನಗೇ ನಗು ಬಂತು. ಹೇಳುವ ಧೈರ್ಯ ನನಗಿರಲಿಲ್ಲ. ಇಷ್ಟು ಹೊತ್ತಿಗೆ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಎದ್ದು ಸೀರೆ ಕೊಡವಿಕೊಂಡು, ಎಲ್ಲದಕ್ಕೂ ಸರಿ ಸರಿ ಎಂದು ಹೇಳಿ ವೀಸಾ ತೆಗೆದುಕೊಂಡು ಬರಲು ಹೊರಟೆ.

ವರಾಂಡದಲ್ಲಿ ಸಾಹೇಬರ ಜವಾನ ಅರುಳ್ ಕೂತಿದ್ದ. ತಮಿಳಿನವನು, ಆದರೆ ನಮ್ಮ ಕಡೆಯ ಕನ್ನಡವನ್ನು ಧಾರಾಳವಾಗಿ ಆಡುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ.

"ಏನ್ಮಾ, ಏನಾದ್ರೂ ಬಿಟ್ಟೋದ್ರಾ? ಈಗ ತಾನೆ ಹೋದ್ರಲ್ಲ" ಅಂದ.

ಬೇರೆ ಯಾರನ್ನೋ ನಾನೆಂದು ತಿಳಿದಿದ್ದಾನೆ ಅಂದುಕೊಂಡು ಒಳಗೆ ಹೋದೆ. ಸಾಹೇಬರು ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಎದುರಿಗೆ ನನ್ನ ಪಾಸ್‌ಪೋರ್ಟು ತೆರೆದಿತ್ತು. ಅವರು ಇಂಗ್ಲಿಷಿನಲ್ಲಿ, ನನಗೆ ಅರ್ಥವಾಗಲೆಂದು ನಿಧಾನವಾಗಿ, ಮತ್ತೆ ಬಂದದ್ದು ಒಳ್ಳೆಯದಾಯಿತು ಮೇಡಂ ಎಂದರು. ಪಾಸ್‌ಪೋರ್ಟನ್ನು ಇಲ್ಲೇ ಬಿಟ್ಟು ಹೋಗಿದ್ದಿರಿ. ವೀಸಾದ ಮುದ್ರೆಯನ್ನು ಬೆಳಿಗ್ಗೆಯೇ ಒತ್ತಿದ್ದೆ. ನಿಮ್ಮ ಮಾತು ಕೇಳಿದ ಮೇಲೆ ರದ್ದುಮಾಡಬೇಕೆಂದು ಪೆನ್ನು ತೆಗೆದೆ, ಆದರೆ ಕೈ ಬರಲಿಲ್ಲ ಎಂದೂ ಹೇಳಿದರು.

ಯಾವ ಮಾತು ಎಂದು ಕೇಳಿದೆ.

ಅವರು ಪೆನ್ನನ್ನು ಪಕ್ಕಕ್ಕೆ ಇಟ್ಟರು. ಆಮೇಲೆ ಹೇಳಿದರು. ಗಂಡನ ದನಿ ಮರೆತಿದೆ ಎಂದದ್ದು, ದನಿ ಗೊತ್ತಿಲ್ಲದವರ ಮನೆಗೆ ಮಗುವನ್ನು ಹೇಗೆ ಕರೆದೊಯ್ಯಲಿ ಎಂದದ್ದು, ಎಲ್ಲವನ್ನೂ, ನಾನು ಬೆಂಚಿನ ಮೇಲೆ ಕಟ್ಟಿದ್ದ ಕ್ರಮದಲ್ಲೇ ಹೇಳಿದರು. ಕೊನೆಗೆ ಸ್ವಲ್ಪ ನಕ್ಕು, "ವಿಷಯವನ್ನು ಮುಗಿಯಿತೆಂದು ಪರಿಗಣಿಸಿ ಎಂದಿರಿ. ಎಷ್ಟೋ ವರ್ಷಗಳಿಂದ ಇಲ್ಲಿ ಕೂತಿದ್ದೇನೆ, ಈ ಮಾತನ್ನು ಕಾಗದದಲ್ಲಿ ಓದಿದ್ದೆ, ಬಾಯಲ್ಲಿ ಕೇಳಿದ್ದು ಇದೇ ಮೊದಲು" ಎಂದರು.

ಕುರ್ಚಿಯ ಮೇಲೆ ಕೂತುಕೊಂಡೆ. ಬಂದವಳು ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಆ ಮಾತುಗಳು ನನ್ನವೇ. ನಾನಲ್ಲ ಎಂದು ಹೇಗೆ ಹೇಳಲಿ? ಅದರ ಬದಲು ನನ್ನ ಬಾಯಿಂದ ಬಂದದ್ದು ಒಂದು ಹುಚ್ಚು ಪ್ರಶ್ನೆ: ಆಗ ನಾನು ಅಳುತ್ತಿದ್ದೆನೇ?

"ಇಲ್ಲ" ಎಂದರು ಅವರು. "ಬಹಳ ಸಮಾಧಾನವಾಗಿದ್ದಿರಿ. ಈಗಿನದಕ್ಕಿಂತ ಹೆಚ್ಚು."

ಆಮೇಲೆ, ಯಾವುದನ್ನು ನಿಮ್ಮ ಕೊನೆಯ ಮಾತೆಂದು ತೆಗೆದುಕೊಳ್ಳಲಿ ಎಂದು ಕೇಳಿದರು. ಒತ್ತಾಯವಿರಲಿಲ್ಲ. ಮಗಳನ್ನು ಕೇಳುವ ತಂದೆಯ ಹಾಗೆ ಕೇಳಿದರು. ಒಳಗಿನ ಭಯವನ್ನೆಲ್ಲ ಯಾರೋ ನನ್ನ ಪರವಾಗಿ ಹೊರಗೆ ಹಾಕಿಬಿಟ್ಟಿದ್ದರು. ಒಲ್ಲೆ ಎನ್ನುವುದನ್ನು ಅವಳು ಹೇಳಿ ಮುಗಿಸಿದ್ದಳು. ಅಲ್ಲಿ ಕೂತಿದ್ದ ನನಗೆ ಉಳಿದಿದ್ದದ್ದು ಹೂಂ ಒಂದೇ ಅನ್ನಿಸಿತು. ಹೋಗುತ್ತೇನೆ ಎಂದೆ. ಅವರು ಪಾಸ್‌ಪೋರ್ಟು ಮುಚ್ಚಿ ನನ್ನ ಕಡೆ ಸರಿಸಿದರು.

ಹೊರಗೆ ಬಂದು ಅರುಳನನ್ನು ಕೇಳಿದೆ. ಇದೇ ಹಸಿರು ಸೀರೆ, ಇದೇ ಚೀಲ ಎಂದ. ಗೇಟಿನಿಂದ ಹೊರಗೆ ಹೋಗಿ ಯಾವ ಕಡೆ ತಿರುಗಿದರು ಎಂದು ಕೇಳಿದೆ. ಅವನು ನನಗೆ ಬಿಸಿಲು ಬಡಿದಿದೆ ಎಂದು ತಿಳಿದಿರಬೇಕು.

"ಪಾರ್ಕ್ ಕಡೆನೇಮ್ಮಾ. ಸ್ವಲ್ಪ ನೀರ್ ಕುಡೀರಿ" ಅಂದ.

ಮನೆಗೆ ಬಂದು ತಡೆಯಲಾರದೆ ಅತ್ತೆಗೆ ಎಲ್ಲವನ್ನೂ ಹೇಳಿಬಿಟ್ಟೆ, ದನಿ ಮರೆತ ಸಂಗತಿಯನ್ನೂ ಸೇರಿಸಿ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ ಕೇಳಿದರು. ದನಿಯ ವಿಷಯಕ್ಕೆ, ತಮಗೂ ಹಾಗೆ ಆಗಿತ್ತು, ಮಾವ ರಜೆಗೆ ಬಂದಾಗ ಮೊದಲ ದಿನವೆಲ್ಲ ಪರಪುರುಷನ ಹತ್ತಿರ ಮಾತಾಡಿದ ಹಾಗಿರುತ್ತಿತ್ತು ಎಂದರು. ಇನ್ನೊಂದು ವಿಷಯ ಅವರಿಗೆ ಆಶ್ಚರ್ಯವೆಂದೇ ಅನ್ನಿಸಲಿಲ್ಲ.

"ರಾಹುಕಾಲದಲ್ಲಿ ಆಡಿದ್ದು ಫಲ ಕೊಡಲ್ಲ. ಅವ್ಳು ಬೇಡ ಅಂದಿದ್ದು ಅದಕ್ಕೇ ನಿಲ್ಲಲಿಲ್ಲ. ನೀನು ಹನ್ನೆರಡು ಆದ್ಮೇಲೆ ಹೇಳ್ದೆ, ಅದು ನಿಂತ್ಕೊಂತು" ಅಂದರು. ನನ್ನ ಜೀವನದ ಅತಿ ವಿಚಿತ್ರ ಘಟನೆ ಅವರ ಮಟ್ಟಿಗೆ ಲೆಕ್ಕ ಸರಿಹೋದ ವಿಷಯವಾಗಿತ್ತು.

ನಾನೂ ಪುಟ್ಟಿಯೂ ಹೋದೆವು. ವಿಮಾನ ನಿಲ್ದಾಣದಲ್ಲಿ ಅವರು ನನ್ನ ಹೆಸರು ಕೂಗಿದರು. ಕೇಳಿದ ಕೂಡಲೇ ದನಿ ನೆನಪಾಯಿತು ಎಂದು ಬರೆಯಲು ಆಸೆ. ಆಗಲಿಲ್ಲ. ಅದು ಹೊಸ ದನಿಯೇ ಆಗಿತ್ತು. ಆ ಇಡೀ ಚಳಿಗಾಲ ಅದನ್ನು ಕಲಿತೆ, ಹೊಸ ಊರಿನ ದಾರಿ ಕಲಿಯುವ ಹಾಗೆ. ಈಗ ಅದೇ ದನಿ ಒಳಕೋಣೆಯಿಂದ, ಕಾಫಿ ಆಯಿತಾ ಎಂದು ಕೇಳುತ್ತಿದೆ. ನಾವು ಮರಳಿ ಬಂದು ಇಂದಿರಾನಗರದಲ್ಲಿ ಮನೆ ಮಾಡಿ ಎಷ್ಟೋ ಕಾಲವಾಯಿತು.

ನನ್ನನ್ನು ಹೋಲುವ ಬೇರೆ ಹೆಂಗಸು ಬಂದಿರಬಹುದು ಎಂದು ನಮ್ಮವರು ಹೇಳುತ್ತಾರೆ. ಹೆಗ್ಗಣ ತೋರಿಸಿದ ನಾನೂ ಬೇರೆಯವರಿಗಾದರೆ ಅದನ್ನೇ ಹೇಳುತ್ತಿದ್ದೆ. ಆದರೆ ಕಚೇರಿಯ ಆ ಕೊನೆಯ ಸಾಲು ಅವಳಿಗೆ ಹೇಗೆ ಗೊತ್ತಾಯಿತು ಎಂಬುದಕ್ಕೆ ಅವರಲ್ಲಿಯೂ ಉತ್ತರವಿಲ್ಲ, ನನ್ನಲ್ಲಿಯೂ ಇಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಅವಳು ಸಮಾಧಾನವಾಗಿದ್ದಳು ಎಂಬ ಮಾತು. ಬೇಡ ಎಂದು ಹೇಳಿ, ನೆಮ್ಮದಿಯಾಗಿ ಪಾರ್ಕಿನ ಕಡೆಗೆ ನಡೆದುಹೋದವಳು ಆಮೇಲೆ ಎಲ್ಲಿದ್ದಳು?

ನನಗೆ ಈ ಬದುಕಿನ ಬಗ್ಗೆ ಯಾವ ದೂರೂ ಇಲ್ಲ. ಎಂದಾದರೂ ರಿಚರ್ಡ್ಸ್ ಟೌನಿನ ಕಡೆ ಹೋದರೆ, ಪಾರ್ಕಿನಲ್ಲಿ ಸ್ವಲ್ಪ ಕೂತು ಹೋಗೋಣ ಎಂದು ನಮ್ಮವರು ಕರೆಯುತ್ತಾರೆ. ಹೋಗುತ್ತೇನೆ, ಮರಗಳ ಕೆಳಗೆ ಒಂದು ಸುತ್ತು ನಡೆಯುತ್ತೇನೆ. ಆ ಕಲ್ಲು ಬೆಂಚಿನ ಮೇಲೆ ಮಾತ್ರ ಕೂರುವುದಿಲ್ಲ.