ನುಸಿಯ ಒಡ್ಡೋಲಗ

ನಮ್ಮ ನಾಟಕದ ಖಳನಾಯಕ ನುಸಿ. ಪಠ್ಯಪುಸ್ತಕದಲ್ಲಿ ಸೊಳ್ಳೆ ಅಂತ ಇರುತ್ತದೆ, ನಮ್ಮ ಕಡೆ ನುಸಿ. ಡೆಂಗಿ ಜ್ವರ ಹೇಗೆ ಬರುತ್ತದೆ, ತೆಂಗಿನ ಚಿಪ್ಪಿನಲ್ಲಿ ನಿಂತ ನೀರನ್ನು ಯಾಕೆ ಚೆಲ್ಲಬೇಕು ಎಂಬುದನ್ನು ಶಾಲೆಯಿಂದ ಶಾಲೆಗೆ ಹೋಗಿ ಹಾಡಿನಲ್ಲಿ ಹೇಳುವ ಮುಕ್ಕಾಲು ಗಂಟೆಯ ಆಟ ಅದು. ತಂಡ ಅಂದರೆ ಮೂರು ಜನ. ಕತೆ ಬರೆದು, ತಾವೇ ಮನೆಯೊಡತಿಯ ಪಾತ್ರ ಮಾಡುವ ನಿವೃತ್ತ ಟೀಚರ್ ಒಬ್ಬರು. ಹಂಗಾರಕಟ್ಟೆಯಲ್ಲಿ ದೋಣಿಗಳಿಗೆ ಬಣ್ಣ ಹೊಡೆಯುವ, ಪ್ರಾಯದಲ್ಲಿ ಊರಿನ ಯಕ್ಷಗಾನದಲ್ಲಿ ರಾಕ್ಷಸನಾಗಿ ಕುಣಿಯುತ್ತಿದ್ದವರು ಇನ್ನೊಬ್ಬರು. ನುಸಿಯೂ ಅವರೇ, ಅವರು ಓಡಿಸಿಕೊಂಡು ಬರುವ ಓಮ್ನಿ ವ್ಯಾನೂ ಅವರದ್ದೇ. ಮೂರನೆಯವಳು ಹಾರ್ಮೋನಿಯಂ ಹಿಡಿದು ಹಾಡುವ ನಾನು. ಕೋಟದಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ, ಐವತ್ತು ದಾಟಿದೆ. ನನ್ನ ಮುಖ್ಯ ಕಸುಬು ಹೆದರುವುದು. ಸಂಗೀತ ಬಿಡುವಿದ್ದಾಗ ಮಾಡುವ ಕೆಲಸ.

ಓಮ್ನಿ ಹೊರಟ ಕೂಡಲೇ ನನಗೆ ಗ್ಯಾಸ್ ಆಫ್ ಮಾಡಿದ್ದೇನಾ ಎಂದು ಶುರುವಾಗುತ್ತದೆ. ಕುಂದಾಪುರದ ಸೇತುವೆ ಬರುವಷ್ಟರಲ್ಲಿ ಅದು ಗಂಟಲಿಗೆ ಏರಿ, ಇವತ್ತು ಸ್ವರವೇ ಹೊರಡುವುದಿಲ್ಲ ಎಂಬಲ್ಲಿಗೆ ಬರುತ್ತದೆ. ಮರವಂತೆಯಲ್ಲಿ ಉಳಿದವರೆಲ್ಲ ಸಮುದ್ರ ನೋಡಿದರೆ ನಾನು ಗಡಿಯಾರ ನೋಡುತ್ತೇನೆ.

ನಾವು ಒಂದು ತಪ್ಪು ಮಾಡಿದ್ದೆವು, ಮೊದಲ ಪ್ರದರ್ಶನದಿಂದಲೇ. ಮೂವರೂ ಯಕ್ಷಗಾನ ನೋಡಿಯೇ ಬೆಳೆದವರು. ರಾಕ್ಷಸನೊಬ್ಬ ಸುಮ್ಮನೆ ಬಾಗಿಲಿನಿಂದ ಒಳಗೆ ಬರುವುದು ನಮಗೆ ಕಲ್ಪನೆಗೇ ಬಾರದ ಸಂಗತಿ. ಅವನಿಗೆ ಒಡ್ಡೋಲಗ ಆಗಬೇಕು. ಅಂದರೆ ಇಬ್ಬರು ಪರದೆ ಹಿಡಿಯಬೇಕು, ಮೊದಲು ಕಿರೀಟದ ತುದಿ ಕಾಣಬೇಕು, ಆಮೇಲೆ ಒಂದು ಕೈ, ನಡುವೆ ಒಂದು ಆರ್ಭಟ, ಕಡೆಗೆ ಪೂರ್ತಿ ವೇಷ. ನಮ್ಮ ನುಸಿಯೂ ಹಾಗೆಯೇ ಬಂತು, ಪರದೆ ಹಿಡಿಯಲು ಆಯಾ ಶಾಲೆಯ ಇಬ್ಬರು ಮಕ್ಕಳು. ಹಳೆಯ ಕೊಡೆಯ ಕಡ್ಡಿಗೆ ಮೀನಿನ ಬಲೆ ಹೊದೆಸಿದ ರೆಕ್ಕೆ, ಕಾಲಿಗೆ ದೋಣಿಯ ಬಣ್ಣದಲ್ಲಿ ಬರೆದ ಬಿಳಿ ಪಟ್ಟೆ. ಒಳ್ಳೆಯ ರಾಗಗಳನ್ನೆಲ್ಲ ನಾನೇ ಅದಕ್ಕೆ ಕೊಟ್ಟಿದ್ದೆ. ಬುದ್ಧಿ ಹೇಳುವ ಮನೆಯೊಡತಿ ಮಾತ್ರ ಪ್ಲಾಸ್ಟಿಕ್ ಬಕೇಟು ಹಿಡಿದು ಬದಿಯಿಂದ ಬರುತ್ತಿದ್ದಳು.

ಬ್ರಹ್ಮಾವರದ ಹತ್ತಿರದ ಶಾಲೆಯೊಂದರಲ್ಲಿ, ಆಟ ಮುಗಿದ ಮೇಲೆ, ನಿಮಗೆ ಯಾರಾಗಬೇಕು ಎಂದು ನಮ್ಮ ಟೀಚರ್ ಕೇಳಿದರು. ಕೈಯೆತ್ತಿದವರೆಲ್ಲರಿಗೂ ನುಸಿಯೇ ಆಗಬೇಕಿತ್ತು. ಒಬ್ಬಳಂತೂ ಅದು ಸಾಯದ ಹಾಗೆ ಕತೆ ಬದಲಿಸಲಿಕ್ಕೆ ಆಗುತ್ತದಾ ಎಂದು ವಿಚಾರಿಸಿದಳು. ಟೀಚರ್ ಕೋಟದಲ್ಲಿ ಇಳಿಯುವಾಗ ಹೇಳಿದರು, "ಮೂವತ್ತ್ ವರ್ಷ ಪಾಠ ಮಾಡಿ ಕಡಿಗೆ ನುಸಿಗೊಂದ್ ಅಭಿಮಾನಿ ಸಂಘ ಕಟ್ಟಿ ಕೊಟ್ಟೆ."

ಯಕ್ಷಗಾನದ ಇನ್ನೊಂದು ಕ್ರಮವೂ ನಮ್ಮಲ್ಲಿ ಉಳಿದಿತ್ತು. ಹಾಡು ಮುಗಿದ ಮೇಲೆ ವೇಷಧಾರಿ ಆಡುವ ಮಾತು ಬರೆದಿಟ್ಟದ್ದಲ್ಲ, ಆ ಹೊತ್ತಿಗೆ ಹೊಳೆದದ್ದು. ಅದನ್ನು ನಿಲ್ಲಿಸುವ ಅಧಿಕಾರ ಇರುವುದು ಹಾಡುವವರಿಗೆ ಮಾತ್ರ. ಮುಂದಿನ ಪದ ಎತ್ತಿಕೊಂಡರೆ ಎಂತಹ ರಾಕ್ಷಸನೂ ಬಾಯಿ ಮುಚ್ಚಬೇಕು. ಜೀವಮಾನದಲ್ಲಿ ನನಗೆ ಸಿಕ್ಕಿದ ಒಂದೇ ಅಧಿಕಾರ ಅದು, ನಾನು ಯಾವ ದಯೆಯೂ ಇಲ್ಲದೆ ಚಲಾಯಿಸುತ್ತಿದ್ದೆ. ನುಸಿ ಎರಡು ಮಾತಾಡುವುದರೊಳಗೆ ಬಿಸಿಯೂಟಕ್ಕೆ ತಡವಾಯಿತು ಎಂದು ನನ್ನ ಬೆರಳು ಹಾರ್ಮೋನಿಯಂನ ಮನೆಗಳ ಮೇಲೆ. ನಿಮ್ಮದು ಹಾರ್ಮೋನಿಯಂ ಅಲ್ಲ ಅಕ್ಕ, ಹ್ಯಾಂಡ್‌ಬ್ರೇಕ್ ಎಂದು ನುಸಿಯ ವೇಷದವರು ಒಮ್ಮೆ ಬೇಸರಿಸಿಕೊಂಡಿದ್ದರು.

ಬೈಂದೂರಿನ ಆಚೆ, ಸಮುದ್ರದ ಬದಿಯ ಸಣ್ಣ ಶಾಲೆಗೆ ಹೋದ ದಿನ ಮುಖ್ಯೋಪಾಧ್ಯಾಯಿನಿ ನಮ್ಮನ್ನು ಮೊದಲು ಆಫೀಸಿನೊಳಗೆ ಕರೆದರು. ನಾಲ್ಕನೆಯ ಕ್ಲಾಸಿನ ಹುಡುಗಿಯೊಬ್ಬಳು ಡೆಂಗಿಯಾಗಿ ಆಸ್ಪತ್ರೆಯಲ್ಲಿದ್ದು, ಪೂರ್ತಿ ಗುಣವಾಗಿ ಶಾಲೆಗೆ ಬಂದು ಮೂರು ವಾರವಾಗಿತ್ತು. ಆದರೆ ಅವಳ ಹತ್ತಿರ ಯಾರೂ ಕೂರುವುದಿಲ್ಲ. ಮನೆಯಲ್ಲಿ ದೊಡ್ಡವರೇ ಹೇಳಿ ಕಳಿಸುತ್ತಾರೆ. ಊಟಕ್ಕೂ ಅವಳು ಒಬ್ಬಳೇ ಜಗಲಿಯ ತುದಿಯಲ್ಲಿ. ಶಾಲೆಗೆ ಬರುವುದಿಲ್ಲ ಎಂದು ಬೆಳಿಗ್ಗೆ ಅಳುತ್ತಾಳಂತೆ. ಅವರು, ನಾನು ಹೇಳಿ ಸೋತೆ, ನಿಮ್ಮ ಹಾಡಿನಿಂದಾದರೂ ಆಗುತ್ತದಾ ನೋಡಿ, ಆದರೆ ಅವಳನ್ನು ಬೆರಳು ಮಾಡಿ ತೋರಿಸಬೇಡಿ ಎಂದರು.

ನಮ್ಮ ನುಸಿಯನ್ನು ನೋಡಿ ಮಕ್ಕಳು ಕಲಿಯುವುದು ಕುಣಿಯುವುದನ್ನು ಮಾತ್ರ ಎಂದು ಇವರಿಗೆ ಹೇಗೆ ಹೇಳುವುದು? ಇದ್ದದ್ದನ್ನೂ ಕೆಡಿಸಿ ಬರುತ್ತೇವೆ ಎಂಬುದು ನನಗೆ ಖಾತ್ರಿಯಾಯಿತು.

ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಕಿಟಕಿಯ ಕೆಳಗೆ ಅವಳು, ಅವಳ ಸುತ್ತ ಒಂದು ಚಾಪೆಯಷ್ಟು ಖಾಲಿ. ಒಡ್ಡೋಲಗ ಆಯಿತು, ಮಕ್ಕಳ ಕೂಗಿಗೆ ಹೆಂಚಿನ ಮಾಡು ಹಾರಿಹೋಗುವ ಹಾಗಾಯಿತು. ಆಮೇಲೆ ನುಸಿ ಮಕ್ಕಳ ನಡುವೆ ಹೋಗಿ ಕಚ್ಚುವ ಭಾಗ. ಎಲ್ಲರೂ ನಂಗೆ ನಂಗೆ ಎಂದು ತೋಳು ಚಾಚುತ್ತಾರೆ. ಹಾಗೇ ಕಚ್ಚುತ್ತ ನುಸಿ ಕಿಟಕಿಯ ಕಡೆ ತಿರುಗಿದಾಗ ಹಿಂದಿನಿಂದ ಒಬ್ಬ ಹುಡುಗ ಹೋಗಬೇಡ ಎಂದು ಕೂಗಿದ.

"ಹ್ವಾಯ್ ನುಸಿ, ಅಲ್ಲ್ ಹೋಪುಕಾಗ. ಅವ್ಳಿಗ್ ಡೆಂಗಿ. ಹತ್ರ ಕೂಕಂಡ್ರೆ ಬತ್ತ್."

ಚಾಚಿದ್ದ ತೋಳುಗಳೆಲ್ಲ ಕೆಳಗಿಳಿದವು. ಟೀಚರ್ ಬಕೇಟು ಹಿಡಿದುಕೊಂಡು ನನ್ನನ್ನೇ ನೋಡಿದರು: ಹಾಡು ಎತ್ತು, ಮಾತು ನಿಲ್ಲಿಸು. ಎತ್ತಬೇಕಿತ್ತು. ಆದರೆ ಹೆದರಿಕೆಯಲ್ಲಿ ಮುಂದಿನ ಪಲ್ಲವಿ ಯಾವುದೆಂದೇ ನನಗೆ ಮರೆತುಹೋಗಿತ್ತು. ಬೆರಳು ಮನೆಗಳ ಮೇಲಿತ್ತು, ತಲೆ ಖಾಲಿ.

ನುಸಿ ನಿಂತಲ್ಲೇ ಎದೆಯುಬ್ಬಿಸಿತು. ಅವಮಾನವಾದ ರಾಕ್ಷಸ ನಿಲ್ಲುವ ನಿಲುವು ಅದು.

"ಯಾರಾ ಹೇಳ್ದ್ದ್? ಹತ್ರ ಕೂಕಂಡ್ರೆ ಬತ್ತಾ? ಹಾಂಗಾರೆ ನಾ ಎಂತಕೆ ಇಪ್ಪುದ್? ಈ ಕಿರೀಟ ಎಂತಕೆ? ಜ್ವರಕ್ಕೆ ಕಾಲಿತ್ತಾ ನಡ್ಕಂಡ್ ಹೋಪುಕೆ? ಒಬ್ರ್ ಮೈಯಿಂದ ಇನ್ನೊಬ್ರ್ ಮೈಗೆ ಹೊತ್ಕಂಡ್ ಹೋಪುದ್ ನಾನ್. ಬಸ್ಸೂ ನಾನೇ, ಡ್ರೈವರೂ ನಾನೇ, ಕಂಡಕ್ಟರೂ ನಾನೇ. ನಾ ಇಲ್ದಿರೆ ಅದ್ ಈ ಚಾಪಿಯಿಂದ ಆ ಚಾಪಿಗೂ ಹೋತಿಲ್ಲೆ."

ಹೇಳಿದವರೇ ಹೋಗಿ ಅವಳ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು. ಬಲೆಯ ರೆಕ್ಕೆ ಅವಳ ಹೆಗಲ ಮೇಲೆ ಬಿತ್ತು. ಅವಳು ಅದನ್ನು ಬೆರಳಲ್ಲಿ ಎತ್ತಿ ನೋಡಿದಳು. ಆಮೇಲೆ ಕೇಳಿದಳು, "ನಂಗೆ ಕಚ್ಚಿದ್ದ್ ನೀನಾ?"

ಅಷ್ಟೂ ವರ್ಷ ರಾಕ್ಷಸನಾಗಿ ಕುಣಿದ ಮನುಷ್ಯ ರಾಕ್ಷಸನ ಸ್ವರ ಬಿಟ್ಟು, "ಹೌದ್ ಮಗಾ, ನಾನೇ," ಎಂದರು. ಮತ್ತೆ ಪಾತ್ರ ನೆನಪಾಗಿರಬೇಕು, "ನಿಮ್ಮನಿ ಹಿಂದಿನ ಚಿಪ್ಪಂಗೆ ಹುಟ್ಟಿ ಬಂದದ್ದ್," ಎಂದು ಸೇರಿಸಿದರು.

"ನಮ್ಮನಿಯಂಗೆ ಚಿಪ್ಪ್ ಇಲ್ಲೆ," ಎಂದಳು ಅವಳು. ಕೂಗಿದ ಹುಡುಗನ ಕಡೆ ಕೈ ತೋರಿಸಿದಳು. "ಅವ್ರ್ ಮನಿ ಟಯರಂಗೆ. ಅಲ್ಲ್ ನೀರ್ ತುಂಬ್ಕಂಡಿತ್."

ದೋಣಿಯ ಬದಿಗೆ ಕಟ್ಟಲು ಇಟ್ಟುಕೊಳ್ಳುವ ಹಳೆಯ ಟಯರು ಆ ಊರಿನಲ್ಲಿ ಯಾರ ಅಂಗಳದಲ್ಲಿ ಇಲ್ಲ? ಹುಡುಗ ಮುಖ ಕೆಂಪು ಮಾಡಿಕೊಂಡು, ಅದು ತನ್ನ ದೊಡ್ಡಪ್ಪಂದು, ತಮ್ಮದಲ್ಲ ಎಂದ. ಇನ್ನೊಬ್ಬ, ಇವರ ಮನೆಯಲ್ಲಿ ನಾಲ್ಕು ಇದೆ ಎಂದು ಸಾಕ್ಷಿ ಹೇಳಿದ. ಆಮೇಲೆ ಯಾರ ಮನೆಯಲ್ಲಿ ಎಷ್ಟು ಟಯರು, ಯಾರ ಬಾವಿಕಟ್ಟೆಯಲ್ಲಿ ಯಾವ ಒಡೆದ ಬಕೇಟು ಎಂದು ಇಡೀ ಶಾಲೆಯೇ ಬಿಚ್ಚಿಕೊಂಡಿತು. ನುಸಿ ನಡುವೆ ಕೂತು, ಹೌದು, ಅಲ್ಲಿ ನನ್ನ ತಂಗಿ ಇದ್ದಾಳೆ, ಅಲ್ಲಿ ನನ್ನ ಮಕ್ಕಳು ಎಂದು ಹೆಮ್ಮೆಯಿಂದ ಒಪ್ಪಿಕೊಳ್ಳುತ್ತ ಹೋಯಿತು. ಟೀಚರ್ ತಿಂಗಳುಗಟ್ಟಲೆ ಕೂತು ಬರೆದ ಪಾಠವನ್ನು ಮಕ್ಕಳು ನುಸಿಯ ಬಾಯಿಂದಲೇ ಹೊರಡಿಸಿದರು. ಅದರ ಮಾತಿನ ಮೇಲೆ ಅವರಿಗೆ ನಂಬಿಕೆ. ಅಡುಗೆಯವರು ಸೌಟು ಹಿಡಿದು ಬಾಗಿಲಿಗೆ ಬಂದು ನಿಂತರು. ನಾನು ಗಡಿಯಾರ ನೋಡಲಿಲ್ಲ ಅಂದರೆ ಸುಳ್ಳು. ನೋಡಿದೆ, ಆದರೂ ಪದ ಎತ್ತಲಿಲ್ಲ.

ಕಡೆಗೆ ಎಲ್ಲರೂ ಚಪ್ಪಾಳೆ ಹೊಡೆದು ನುಸಿಯನ್ನು ಕೊಲ್ಲಬೇಕು. ಅವಳು ಚಪ್ಪಾಳೆ ಹೊಡೆಯುವ ತನಕ ನುಸಿ ಸಾಯಲಿಲ್ಲ. ಅವಳಿಗೆ ಸಮಾಧಾನವಾಗದೆ ಇನ್ನೆರಡು ಸಲ ಸಾಯಬೇಕಾಯಿತು.

ಊಟಕ್ಕೆ ಅವರು ವೇಷದಲ್ಲೇ, ಜಗಲಿಯ ತುದಿಯಲ್ಲಿ ಅವಳ ಪಕ್ಕ ಕೂತರು. ನುಸಿಯ ಹತ್ತಿರ ಕೂರಲು ನೂಕುನುಗ್ಗಲು. ನನಗೆ ಆಗಲೇ ಮುಂದಿನ ಚಿಂತೆ: ಇವರು ಎದ್ದ ಮೇಲೆ? ಅವರು ಬೇಗ ಉಂಡು, ಬಣ್ಣ ತೊಳೆಯಲು ನಳ್ಳಿಯ ಕಡೆ ಹೋದರು. ರೆಕ್ಕೆಯಗಲದ ಜಾಗ ಅವಳ ಪಕ್ಕ ಖಾಲಿಯಾಯಿತು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಟಯರಿನ ಹುಡುಗ ಬಟ್ಟಲು ಎತ್ತಿಕೊಂಡು ಬಂದು ಅಲ್ಲಿ ಕೂತ. ಪ್ರೀತಿಯಿಂದೇನಲ್ಲ, ಆ ಟಯರು ದೊಡ್ಡಪ್ಪಂದೇ ಎಂಬ ವಾದ ಅವನದ್ದು ಇನ್ನೂ ಮುಗಿದಿರಲಿಲ್ಲ. ಅವಳು ಅವನ ಮುಖ ನೋಡದೆ, "ನನ್ ಲಂಗಕ್ಕೆ ಸಾರ್ ಚೆಲ್ಲುಕಾಗ," ಎಂದು ಸ್ವಲ್ಪ ಸರಿದು ಜಾಗ ಬಿಟ್ಟಳು.

ವಾಪಸು ಬರುವಾಗ ಟೀಚರ್, ಇವತ್ತು ಮಾತನ್ನು ಯಾಕೆ ತಡೆಯಲಿಲ್ಲ ಎಂದು ಕೇಳಿದರು. ಬೇಕೆಂದೇ ಬಿಟ್ಟೆ ಎಂದು ಹೇಳುವ ಒಳ್ಳೆಯ ಅವಕಾಶ. ಆದರೆ ಪಲ್ಲವಿ ಮರೆತದ್ದನ್ನೇ ಹೇಳಿಬಿಟ್ಟೆ. ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿದ್ದ ನಮ್ಮ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಹೇಳಿದರು.

"ನಾಳೆಗೂ ಮರ್ತ್ ಬಿಡಿ, ಅಕ್ಕ."